ಕಾರ್ಬನ್ ಕ್ರೆಡಿಟ್ ಕಾಗದಕ್ಕೆ ಸಹಿ ಹಾಕುವ ಮುಂಚೆ: ದೆಹಲಿಯ ಪತ್ರದಿಂದ ವಿ.ಸಿ. ನಾಲೆಯ ಗದ್ದೆವರೆಗೆ

ನಾಟಿ ಮುಗಿದ ಮಾರನೇ ವಾರ. ಮದ್ದೂರು ಕಡೆಯ ಒಂದು ಹಳ್ಳಿಯ ಡೇರಿ ಜಗಲಿ ಮೇಲೆ ಹತ್ತು ಹದಿನೈದು ಜನ ಕೂತಿದ್ದೆವು. ಹಿರಿಯರೊಬ್ಬರು ಅಂಗಿ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಕಾಗದ ತೆಗೆದು ನನ್ನ ಕೈಗಿಟ್ಟರು. "ಗದ್ದೆಗೆ ನೀರು ಕಮ್ಮಿ ಕಟ್ಟಿದ್ರೆ ಫಾರಿನ್‌ನೋರು ದುಡ್ಡು ಕೊಡ್ತಾರಂತೆ. ಇದ್ರಲ್ಲಿ ಏನೈತೆ, ಓದಿ ಹೇಳಪ್ಪ" ಎಂದರು. ಕಾಗದ ಪೂರ್ತಿ ಇಂಗ್ಲಿಷ್. ಕೊನೆಯ ಪುಟದಲ್ಲಿ ಅವರ ಸಹಿ ಆಗಲೇ ಬಿದ್ದಿತ್ತು. ಪುಣ್ಯಕ್ಕೆ ಕಾಗದ ಇನ್ನೂ ಅವರ ಹತ್ತಿರವೇ ಇತ್ತು.

ನಾನು ರೈತ ಉತ್ಪಾದಕರ ಕಂಪನಿಗಳ ಲೆಕ್ಕಪತ್ರ ನೋಡುವವನು. ಇಂಥ ಕಾಗದಗಳು ಮಂಡ್ಯ, ಮೈಸೂರು ಕಡೆ ಈಗ ಜಾಸ್ತಿ ಓಡಾಡುತ್ತಿವೆ. ಕೆಲವು ಒಳ್ಳೆಯವು, ಕೆಲವು ಅಲ್ಲ. ಯಾವುದು ಏನು ಎಂದು ತಿಳಿಯಬೇಕಾದರೆ ಬರೀ ಒಪ್ಪಂದ ಓದಿದರೆ ಸಾಲದು. ನಮ್ಮ ದೇಶ ಈ ವ್ಯವಹಾರವನ್ನು ಹೇಗೆ ನಡೆಸುತ್ತದೆ ಎಂದೂ ಗೊತ್ತಿರಬೇಕು. ನಮ್ಮ ಗದ್ದೆಯ ಕ್ರೆಡಿಟ್ಟಿಗೆ ಎಷ್ಟು ಬೆಲೆ ಬರುತ್ತದೆ ಎನ್ನುವುದು ದೆಹಲಿ ಕೊಡುವ, ಇಲ್ಲವೇ ಕೊಡದಿರುವ, ಒಂದು ಪತ್ರದ ಮೇಲೂ ನಿಂತಿದೆ. ಅದಕ್ಕೇ ಇದನ್ನು ಮೇಲಿಂದ ಕೆಳಗೆ, ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಮಾರುತ್ತಿರುವುದು ಏನು ಎಂದು ತಿಳಿದುಕೊಳ್ಳಿ

ಒಂದು ಕಾರ್ಬನ್ ಕ್ರೆಡಿಟ್ ಎಂದರೆ ಒಂದು ಟನ್ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಗದಂತೆ ತಡೆದದ್ದು, ಇಲ್ಲವೇ ಗಾಳಿಯಿಂದ ಹೀರಿ ಮರದಲ್ಲೋ ಮಣ್ಣಲ್ಲೋ ಇಟ್ಟದ್ದು. ನೀರು ನಿಂತ ಗದ್ದೆಯಿಂದ ಏಳುವ ಮೀಥೇನ್‌ನಂಥ ಬೇರೆ ಅನಿಲ ಆದರೆ, ಅದು ಎಷ್ಟು ಟನ್ ಕಾರ್ಬನ್ ಡೈಆಕ್ಸೈಡ್‌ಗೆ ಸಮ ಎಂದು ಲೆಕ್ಕ ಹಾಕುತ್ತಾರೆ. ಇನ್ನೆಲ್ಲೋ ಹೊಗೆ ಬಿಡುವ ಕಂಪನಿ ಅಥವಾ ದೇಶ ಆ ಕ್ರೆಡಿಟ್ ಕೊಂಡು "ನನ್ನ ಹೊಗೆಗೆ ಇದು ವಜಾ" ಎನ್ನುತ್ತದೆ.

ಡೇರಿಗೆ ಹಾಲು ಹಾಕುವವರಿಗೆ ಇದು ಬೇಗ ಹತ್ತುತ್ತದೆ. ಹಾಲಿನ ಅಳತೆ ಆಗಬೇಕು, ಫ್ಯಾಟು ನೋಡಬೇಕು, ಚೀಟಿ ಬರಬೇಕು. ಆಮೇಲೇ ದುಡ್ಡು. ಇನ್ನೊಂದು ಮುಖ್ಯ ವಿಷಯ: ಡೇರಿಗೆ ಹಾಕಿದ ಹಾಲನ್ನು ಮನೆಯಲ್ಲೂ ಕುಡಿದೆವು ಎಂದು ಲೆಕ್ಕ ಬರೆಯುವ ಹಾಗಿಲ್ಲ. ಕಾರ್ಬನ್ ವ್ಯವಹಾರದ ದೊಡ್ಡ ಜಗಳಗಳೆಲ್ಲ ಈ ಎರಡರ ಸುತ್ತಲೇ ಇವೆ. ಅಳತೆ ಸರಿಯಿದೆಯಾ? ಒಂದೇ ಹಾಲನ್ನು ಇಬ್ಬರು ಲೆಕ್ಕಕ್ಕೆ ಬರೆದುಕೊಂಡಿದ್ದಾರಾ?

ಹೆಜ್ಜೆ 2: ದೇಶದ ಹಳೆಯ ಅನುಭವ ನೋಡಿ

1997ರ ಕ್ಯೋಟೊ ಹವಾಮಾನ ಒಪ್ಪಂದದಲ್ಲಿ ಸಿಡಿಎಂ ಎಂಬ ವ್ಯವಸ್ಥೆ ಬಂತು. ಸ್ವಚ್ಛ ಅಭಿವೃದ್ಧಿ ವ್ಯವಸ್ಥೆ ಎಂದು ಕನ್ನಡದಲ್ಲಿ ಹೇಳಬಹುದು. ಶ್ರೀಮಂತ ದೇಶಗಳು ನಮ್ಮಂಥ ದೇಶಗಳ ಯೋಜನೆಗಳಿಂದ ಕ್ರೆಡಿಟ್ ಕೊಳ್ಳಬಹುದು ಎನ್ನುವುದು ಇದರ ತಿರುಳು. ಭಾರತ 2002ರಲ್ಲಿ ಆ ಒಪ್ಪಂದಕ್ಕೆ ಸೇರಿತು. 2003ರ ಡಿಸೆಂಬರಿನಲ್ಲಿ ಪರಿಸರ ಸಚಿವಾಲಯದ ಕೆಳಗೆ ರಾಷ್ಟ್ರೀಯ ಸಿಡಿಎಂ ಪ್ರಾಧಿಕಾರ ಮಾಡಿತು. ಯಾವುದೇ ಯೋಜನೆ ಹೊರಗೆ ಹೋಗಬೇಕಾದರೆ ಈ ಪ್ರಾಧಿಕಾರದ ಒಪ್ಪಿಗೆ ಪತ್ರ ಬೇಕಿತ್ತು. ಜನರಿಗೆ ಒಳ್ಳೆಯದಾಗುತ್ತದಾ, ಹಣಕಾಸಿಗೆ, ಪರಿಸರಕ್ಕೆ, ತಂತ್ರಜ್ಞಾನಕ್ಕೆ ಏನು ಲಾಭ ಎಂದು ನೋಡಿ ಪತ್ರ ಕೊಡುತ್ತಿದ್ದರು.

ಆ ಕಾಲದ ಎರಡು ಯೋಜನೆ ಪಕ್ಕಪಕ್ಕ ಇಟ್ಟು ನೋಡಿ. ಒಂದು ಗುಜರಾತಿನದು. ಫ್ರಿಜ್ಜಿಗೆ ಬೇಕಾದ ಅನಿಲ ಮಾಡುವಾಗ ಎಚ್‌ಎಫ್‌ಸಿ-23 ಎಂಬ ಇನ್ನೊಂದು ಅನಿಲ ಹುಟ್ಟುತ್ತದೆ. ಅದನ್ನು ಕಾರ್ಖಾನೆಯಲ್ಲೇ ಸುಟ್ಟುಹಾಕುವ ಯೋಜನೆ ಅದು. ಈ ಅನಿಲದ ಒಂದು ಟನ್‌ಗೆ ಸಿಡಿಎಂ ಲೆಕ್ಕದಲ್ಲಿ 11,700 ಕ್ರೆಡಿಟ್. ಒಂದು ಕಾರ್ಖಾನೆ, ಒಂದು ಯಂತ್ರ, ರಾಶಿ ಕ್ರೆಡಿಟ್. ಜಗತ್ತಿನ ಹಲವು ಕಡೆ ಇಂಥ ಯೋಜನೆ ಬಂದವು. ಆಮೇಲೆ ಸುಡುವ ದುಡ್ಡಿನ ಆಸೆಗೆ ಆ ಅನಿಲವನ್ನೇ ಜಾಸ್ತಿ ಹುಟ್ಟಿಸುತ್ತಿದ್ದಾರೆ ಎಂಬ ದೂರು ಎದ್ದಿತು. 2013ರ ಮೇ ತಿಂಗಳಿಂದ ಯುರೋಪು ಇಂಥ ಕ್ರೆಡಿಟ್‌ಗಳನ್ನು ತನ್ನ ಮಾರುಕಟ್ಟೆಯಲ್ಲಿ ನಿಲ್ಲಿಸಿತು.

ಇನ್ನೊಂದು ನಮ್ಮ ಬಾಗೇಪಲ್ಲಿಯದು. ಕೂಲಿಕಾರರ ಸಂಘದ 5,500 ಮನೆಗಳಿಗೆ ಎರಡೆರಡು ಘನ ಮೀಟರಿನ ಗೋಬರ್ ಗ್ಯಾಸ್ ಘಟಕ ಕಟ್ಟುವ ಯೋಜನೆ. 2005ರಲ್ಲೇ ಸಿಡಿಎಂನಲ್ಲಿ ನೋಂದಣಿಯಾಯಿತು. ಅಡುಗೆಮನೆಯ ಹೊಗೆ ಕಮ್ಮಿಯಾಯಿತು, ಸೌದೆ ಹೊರುವ ಕೆಲಸ ಕಮ್ಮಿಯಾಯಿತು. ಆದರೆ ಇಲ್ಲಿ 5,500 ಒಲೆಗಳ ಲೆಕ್ಕ ಇಡಬೇಕು. ಯಾವ ಮನೆಯಲ್ಲಿ ಉರಿಯುತ್ತಿದೆ, ಯಾವುದು ಕೆಟ್ಟಿದೆ, ಯಾವಾಗ ರಿಪೇರಿ ಆಯಿತು ಎಂದು ಬರೆಯುತ್ತಾ ಇರಬೇಕು. ಬಡವರ ಯೋಜನೆಗೆ ಅಳತೆಯ ಖರ್ಚೇ ಭಾರ. ನಿಮ್ಮ ಗದ್ದೆಯ ಯೋಜನೆಯೂ ಇದೇ ಜಾತಿಯದು, ನೆನಪಿಟ್ಟುಕೊಳ್ಳಿ.

ಹೆಜ್ಜೆ 3: ಈಗಿರುವ ಮೂರು ದಾರಿಗಳಲ್ಲಿ ನಿಮ್ಮದು ಯಾವುದು?

ಏಜೆಂಟರು ಬಂದಾಗ ಮೊದಲ ಪ್ರಶ್ನೆ ಇದೇ ಆಗಿರಲಿ. "ಎಷ್ಟು ಕೊಡ್ತೀರಿ" ಅಂತ ಆಮೇಲೆ ಕೇಳೋಣ.

ಮೊದಲ ದಾರಿ ಪ್ಯಾರಿಸ್ ಹವಾಮಾನ ಒಪ್ಪಂದದ 6ನೇ ವಿಧಿ. 2015ರ ಒಪ್ಪಂದ, ಭಾರತ 2016ರ ಅಕ್ಟೋಬರ್ 2ರಂದು ಸೇರಿತು. 6.2 ಎಂಬ ಉಪವಿಧಿಯಲ್ಲಿ ದೇಶ ದೇಶಗಳ ನಡುವೆ ನೇರ ವ್ಯವಹಾರ. 6.4ರಲ್ಲಿ ವಿಶ್ವಸಂಸ್ಥೆಯ ಮೇಲ್ವಿಚಾರಣೆಯ ವ್ಯವಹಾರ, ಸಿಡಿಎಂ ಜಾಗಕ್ಕೆ ಬಂದದ್ದು. ಇಲ್ಲಿ ಹುಟ್ಟುವ ಕ್ರೆಡಿಟ್‌ಗಳಲ್ಲಿ ಶೇಕಡ 5 ಹವಾಮಾನದ ಹೊಡೆತ ತಿಂದ ಬಡ ದೇಶಗಳ ನೆರವಿನ ನಿಧಿಗೆ ಹೋಗುತ್ತದೆ. ಇನ್ನೂ ಶೇಕಡ 2 ಯಾರ ಲೆಕ್ಕಕ್ಕೂ ಸೇರದಂತೆ ರದ್ದಾಗುತ್ತದೆ.

ಎರಡನೆಯದು ಭಾರತದ್ದೇ ಕಾರ್ಬನ್ ಮಾರುಕಟ್ಟೆ. 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಬಂತು. 2023ರ ಜೂನ್‌ನಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆಯ ಅಧಿಸೂಚನೆ ಹೊರಬಿತ್ತು. ಇಂಧನ ದಕ್ಷತಾ ಬ್ಯೂರೋ ಇದನ್ನು ನಡೆಸುತ್ತದೆ. ಸಿಮೆಂಟು, ಅಲ್ಯೂಮಿನಿಯಂ, ಕಾಗದದಂಥ ದೊಡ್ಡ ಕಾರ್ಖಾನೆಗಳಿಗೆ ಗುರಿ ಕೊಡುತ್ತಾರೆ. ಗುರಿಯ ಹೊರಗಿರುವವರೂ ಸ್ವಇಚ್ಛೆಯಿಂದ ಯೋಜನೆ ಮಾಡಿ ಕ್ರೆಡಿಟ್ ಪಡೆಯಬಹುದು ಎಂದು 2023ರ ಡಿಸೆಂಬರಿನಲ್ಲಿ ಸೇರಿಸಿದರು.

ಮೂರನೆಯದು ಸ್ವಯಂಪ್ರೇರಿತ ಮಾರುಕಟ್ಟೆ. ವೆರಾ, ಗೋಲ್ಡ್ ಸ್ಟ್ಯಾಂಡರ್ಡ್‌ನಂಥ ಖಾಸಗಿ ಸಂಸ್ಥೆಗಳ ನಿಯಮದಂತೆ ಇಲ್ಲಿ ಕ್ರೆಡಿಟ್ ಹುಟ್ಟುತ್ತದೆ. ಕಂಪನಿಗಳು ತಮ್ಮ ಇಷ್ಟದಿಂದ ಕೊಳ್ಳುತ್ತವೆ. ಭತ್ತದ ಗದ್ದೆ, ಬದುವಿನ ಮರ ಎಂದು ನಮ್ಮ ಹಳ್ಳಿಗಳಿಗೆ ಬರುವ ಕಾಗದಗಳು ಬಹುತೇಕ ಈ ಮೂರನೇ ದಾರಿಯವು. ಕೇಂದ್ರ ಕೃಷಿ ಸಚಿವಾಲಯ 2024ರ ಜನವರಿಯಲ್ಲಿ ಕೃಷಿಯ ಸ್ವಯಂಪ್ರೇರಿತ ಕಾರ್ಬನ್ ಮಾರುಕಟ್ಟೆಗೆ ಒಂದು ಚೌಕಟ್ಟನ್ನೂ ಬಿಡುಗಡೆ ಮಾಡಿದೆ.

ಹೆಜ್ಜೆ 4: ದೆಹಲಿಯ ಪತ್ರ ಬೇಕಾ, ಸಿಗುತ್ತಾ ಎಂದು ನೋಡಿ

ಇದು ಸ್ವಲ್ಪ ನಿಧಾನವಾಗಿ ಓದುವ ಭಾಗ.

ಕ್ಯೋಟೊ ಕಾಲದಲ್ಲಿ ಭಾರತಕ್ಕೆ ಹೊಗೆ ಇಳಿಸುವ ಕಟ್ಟುಪಾಡು ಇರಲಿಲ್ಲ. ಕ್ರೆಡಿಟ್ ಹೊರಗೆ ಮಾರಿದರೆ ನಮ್ಮ ಲೆಕ್ಕಕ್ಕೆ ಏನೂ ಆಗುತ್ತಿರಲಿಲ್ಲ. ಪ್ಯಾರಿಸ್ ಬಂದಮೇಲೆ ಹಾಗಿಲ್ಲ. ಈಗ ಪ್ರತಿ ದೇಶಕ್ಕೂ ತನ್ನದೇ ಗುರಿ ಇದೆ. 2005ಕ್ಕೆ ಹೋಲಿಸಿದರೆ 2030ರ ಹೊತ್ತಿಗೆ ಜಿಡಿಪಿಯ ಪ್ರತಿ ರೂಪಾಯಿಗೆ ಹೊರಬರುವ ಹೊಗೆಯನ್ನು ಶೇಕಡ 45ರಷ್ಟು ಇಳಿಸುತ್ತೇವೆ ಎಂದು ಭಾರತ ಹೇಳಿದೆ. ಮರ ಕಾಡುಗಳಲ್ಲಿ ಹೆಚ್ಚುವರಿಯಾಗಿ 250ರಿಂದ 300 ಕೋಟಿ ಟನ್ ಕಾರ್ಬನ್ ಡೈಆಕ್ಸೈಡ್ ಹಿಡಿದಿಡುತ್ತೇವೆ ಎಂದೂ ಹೇಳಿದೆ. ಇಂಥ ಹೊತ್ತಲ್ಲಿ ನಮ್ಮ ಇಳಿಕೆಯನ್ನು ಹೊರಗೆ ಮಾರಿದರೆ, ಅದನ್ನು ನಮ್ಮ ಲೆಕ್ಕದಿಂದ ಕಳೆಯಲೇಬೇಕು. ಇದನ್ನು ತತ್ಸಮ ಹೊಂದಾಣಿಕೆ ಎನ್ನಬಹುದು. ಜಮೀನು ಮಾರಿದ ಮೇಲೆ ಪಹಣಿ ಕೊಂಡವರ ಹೆಸರಿಗೆ ಹೋಗಬೇಕು ಅಲ್ವಾ? ಅದೇ ಥರ.

ಥಾಯ್ಲೆಂಡ್ ಇದನ್ನು ಮೊದಲು ಮಾಡಿ ತೋರಿಸಿತು. ಬ್ಯಾಂಕಾಕ್‌ನ ಎಲೆಕ್ಟ್ರಿಕ್ ಬಸ್ಸುಗಳಿಂದ ಉಳಿದ 1,916 ಟನ್‌ಗಳನ್ನು ಸ್ವಿಟ್ಜರ್ಲೆಂಡ್‌ಗೆ ವರ್ಗಾಯಿಸಿತು. 2024ರ ಜನವರಿಯಲ್ಲಿ ಸುದ್ದಿ ಹೊರಬಂತು. ಆ 1,916 ಟನ್ನನ್ನು ಥಾಯ್ಲೆಂಡ್ ಇನ್ನು ತನ್ನದೆಂದು ಹೇಳುವಂತಿಲ್ಲ.

ಹಾಗಾದರೆ ದೇಶ ಏನನ್ನು ಮಾರಬೇಕು, ಏನನ್ನು ಇಟ್ಟುಕೊಳ್ಳಬೇಕು? ಮಂಡ್ಯದವರಿಗೆ ಇದನ್ನು ನಾಲೆ ತೋರಿಸಿಯೇ ಹೇಳಬಹುದು. ತೂಬಿನ ಪಕ್ಕದ ಗದ್ದೆಗೆ ನೀರು ಹಾಯಿಸುವುದು ಸುಲಭ. ನಾಲೆಯ ಕೊನೆ ಭಾಗಕ್ಕೆ ನೀರು ಮುಟ್ಟಿಸುವುದು ಕಷ್ಟ. ಕಮ್ಮಿ ಖರ್ಚಿನ, ಸುಲಭದ ಇಳಿಕೆಗಳನ್ನೆಲ್ಲ ಹೊರಗಿನವರಿಗೆ ಮಾರಿಬಿಟ್ಟರೆ, ನಾಳೆ ನಮ್ಮ ಗುರಿ ಮುಟ್ಟಲು ಬರೀ ಕೊನೆ ಭಾಗದ ಗದ್ದೆಗಳು ಉಳಿಯುತ್ತವೆ. ಆಗ ಖರ್ಚು ನಮ್ಮ ತಲೆ ಮೇಲೆ.

ಅದಕ್ಕೇ ಭಾರತ 2022ರ ಮೇ ತಿಂಗಳಲ್ಲಿ 6ನೇ ವಿಧಿಗೆಂದೇ ಒಂದು ರಾಷ್ಟ್ರೀಯ ಪ್ರಾಧಿಕಾರ ಮಾಡಿತು. ಪರಿಸರ ಸಚಿವಾಲಯದ ಕಾರ್ಯದರ್ಶಿ ಅದರ ಅಧ್ಯಕ್ಷರು. ಯಾವ ಯೋಜನೆಯ ಕ್ರೆಡಿಟ್ ಹೊರಗೆ ಹೋಗಬಹುದು ಎಂದು ಪತ್ರ ಕೊಡುವುದು ಈ ಪ್ರಾಧಿಕಾರ. 2023ರ ಫೆಬ್ರವರಿಯಲ್ಲಿ 13 ಬಗೆಯ ಚಟುವಟಿಕೆಗಳ ಪಟ್ಟಿ ಬಂತು. ಹಸಿರು ಹೈಡ್ರೋಜನ್, ಹಸಿರು ಅಮೋನಿಯಾ, ಸಮುದ್ರದ ಗಾಳಿಯಂತ್ರ, ವಿದ್ಯುತ್ ಕೂಡಿಡುವ ಸೌಲಭ್ಯ ಇರುವ ಸೌರ ಮತ್ತು ಗಾಳಿ ಯೋಜನೆ, ವಿಮಾನದ ಹಸಿರು ಇಂಧನ, ಇಂಗಾಲ ಹಿಡಿದಿಡುವ ತಂತ್ರಜ್ಞಾನ, ಒತ್ತಡದಲ್ಲಿ ತುಂಬಿಡುವ ಬಯೋಗ್ಯಾಸ್, ಹೀಗೆ. ಎಲ್ಲ ದುಬಾರಿ ಕೆಲಸಗಳು. ನಾವೇ ಮಾಡಲು ಕಷ್ಟ, ಹೊರಗಿನ ದುಡ್ಡು ಬಂದರೆ ಆಗುತ್ತದೆ ಎನ್ನುವಂಥವು. ಈ ಆಯ್ಕೆ ಸರಿಯಾಗಿದೆ ಎಂದೇ ನನ್ನ ಅಭಿಪ್ರಾಯ.

2023ರ ಈ ಪಟ್ಟಿಯಲ್ಲಿ ಭತ್ತದ ಗದ್ದೆ ಇಲ್ಲ. ಬದುವಿನ ಮರವೂ ಇಲ್ಲ. ಮಂಡ್ಯದಲ್ಲಿ ಪಟ್ಟಿಗೆ ಹೊಂದುವ ಕೆಲಸ ಬೇಕೆಂದರೆ, ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಸೋಸಿದ ಮೇಲೆ ಉಳಿಯುವ ಪ್ರೆಸ್‌ಮಡ್‌ನಿಂದ ಬಯೋಗ್ಯಾಸ್ ಮಾಡಿ ಸಿಲಿಂಡರಿಗೆ ತುಂಬುವಂಥದ್ದು. ಗದ್ದೆಯ ಕ್ರೆಡಿಟ್ಟಿಗೆ "ಪ್ಯಾರಿಸ್ ಒಪ್ಪಂದದ ಕೆಳಗೆ ಇಂಥ ದೇಶಕ್ಕೆ ಮಾರ್ತೀವಿ" ಎಂದು ಯಾರಾದರೂ ಹೇಳಿದರೆ, ಪ್ರಾಧಿಕಾರದ ಪತ್ರ ತೋರಿಸಿ ಎಂದು ಕೇಳಿ. ಪಟ್ಟಿ ಮೊದಲ ಮೂರು ವರ್ಷಕ್ಕೆಂದು ಮಾಡಿದ್ದು, ಪರಿಷ್ಕರಿಸಲು ಅವಕಾಶವಿದೆ. ಸಹಿ ಹಾಕುವ ದಿನ ಪಟ್ಟಿ ಹೇಗಿದೆ ಎಂದು ಸಚಿವಾಲಯದ ಜಾಲತಾಣದಲ್ಲಿ ನೋಡಿಕೊಳ್ಳಿ.

ಪತ್ರ ಇಲ್ಲದ ಮಾತ್ರಕ್ಕೆ ಕ್ರೆಡಿಟ್ ಸುಳ್ಳಲ್ಲ. ಸ್ವಯಂಪ್ರೇರಿತ ಮಾರುಕಟ್ಟೆಯಲ್ಲಿ ಅದನ್ನು ಮಾರಬಹುದು. ಆದರೆ ಕೊಳ್ಳುವ ದೇಶ ತನ್ನ ಗುರಿಗೆ ಅದನ್ನು ಬಳಸುವಂತಿಲ್ಲ. ಹಾಗಾಗಿ ಬೆಲೆಯ ಮಾತು ಬಂದಾಗ, ಪತ್ರ ಇರುವ ಕ್ರೆಡಿಟ್ಟಿನ ಬೆಲೆ ತೋರಿಸಿ ಪತ್ರ ಇಲ್ಲದ ಕ್ರೆಡಿಟ್ಟಿಗೆ ಆಸೆ ಹುಟ್ಟಿಸಿದರೆ ಒಪ್ಪಬೇಡಿ.

ಹೆಜ್ಜೆ 5: ಎಕರೆಗೆ ಎಷ್ಟು ಎಂದು ನೀವೇ ಲೆಕ್ಕ ಹಾಕಿ

ನೀರು ನಿಂತ ಗದ್ದೆಯ ಕೆಸರಿಗೆ ಗಾಳಿ ಸಿಗುವುದಿಲ್ಲ. ಗಾಳಿ ಇಲ್ಲದ ಜಾಗದಲ್ಲಿ ಬದುಕುವ ಸೂಕ್ಷ್ಮಜೀವಿಗಳು ಕೊಳೆತ ಬೇರು, ಸೊಪ್ಪು, ಹುಲ್ಲನ್ನು ತಿಂದು ಮೀಥೇನ್ ಬಿಡುತ್ತವೆ. ಕೆಸರಿಗೆ ಕಾಲಿಟ್ಟಾಗ ಗುಳುಗುಳು ಎಂದು ಗುಳ್ಳೆ ಏಳುತ್ತದಲ್ಲ, ಅದರಲ್ಲಿ ಇದೂ ಇದೆ. ನಡುನಡುವೆ ಗದ್ದೆ ಆರಿಸಿದರೆ ಮಣ್ಣಿಗೆ ಗಾಳಿ ಹೋಗಿ ಮೀಥೇನ್ ಕಮ್ಮಿಯಾಗುತ್ತದೆ.

ಹವಾಮಾನದ ಅಂತರ-ಸರ್ಕಾರಿ ಸಮಿತಿ 2019ರಲ್ಲಿ ಪರಿಷ್ಕರಿಸಿದ ಲೆಕ್ಕ ಇದೆ. ದಕ್ಷಿಣ ಏಷ್ಯಾದಲ್ಲಿ ಸದಾ ನೀರು ನಿಲ್ಲಿಸಿದ ಒಂದು ಹೆಕ್ಟೇರ್ ಗದ್ದೆಯಿಂದ ದಿನಕ್ಕೆ ಸರಾಸರಿ 0.85 ಕಿಲೋ ಮೀಥೇನ್. ಬೆಳೆಯ ಅವಧಿ 112 ದಿನ. ಒಟ್ಟು ಸುಮಾರು 95 ಕಿಲೋ. ಹಲವು ಸಲ ಆರಿಸಿ ನೀರು ಕಟ್ಟಿದರೆ ಇದರಲ್ಲಿ ಶೇಕಡ 55 ಮಾತ್ರ ಹೊರಬರುತ್ತದೆ. ಅಂದರೆ ಉಳಿತಾಯ ಸುಮಾರು 43 ಕಿಲೋ. ಒಂದು ಕಿಲೋ ಮೀಥೇನ್ ನೂರು ವರ್ಷದ ಲೆಕ್ಕದಲ್ಲಿ 28 ಕಿಲೋ ಕಾರ್ಬನ್ ಡೈಆಕ್ಸೈಡ್‌ಗೆ ಸಮ ಎಂದು ಹಿಡಿಯೋಣ. 43ಕ್ಕೆ 28 ಗುಣಿಸಿದರೆ ಸುಮಾರು 1,200 ಕಿಲೋ. ಹೆಕ್ಟೇರಿಗೆ 1.2 ಟನ್. ಎಕರೆಗೆ ಇಳಿಸಿದರೆ ಅರ್ಧ ಟನ್‌ಗೂ ಒಂಚೂರು ಕಮ್ಮಿ.

ಎಕರೆಗೆ, ಒಂದು ಬೆಳೆಗೆ, ಅರ್ಧ ಕ್ರೆಡಿಟ್. ಇದನ್ನು ತಲೆಯಲ್ಲಿ ಇಟ್ಟುಕೊಳ್ಳಿ. ನಾಟಿಗೆ ಮುಂಚೆ ಹೊಂಗೆಸೊಪ್ಪು, ಡಯಾಂಚ ತುಳಿಸಿದ್ದರೆ ಮೀಥೇನ್ ಜಾಸ್ತಿ ಇರುತ್ತದೆ, ಲೆಕ್ಕ ಬದಲಾಗುತ್ತದೆ. ಗದ್ದೆ ಆರಿಸಿದಾಗ ಯೂರಿಯಾದಿಂದ ನೈಟ್ರಸ್ ಆಕ್ಸೈಡ್ ಸ್ವಲ್ಪ ಹೆಚ್ಚಬಹುದು. ಅದು ಇನ್ನೂ ಖಾರದ ಅನಿಲ, ಅದನ್ನು ಕಳೆಯುತ್ತಾರೆ. ಅಳತೆಯ ಅನುಮಾನಕ್ಕೆಂದು ಇನ್ನಷ್ಟು ಕಳೆಯುತ್ತಾರೆ. "ಎಕರೆಗೆ ನಾಲ್ಕೈದು ಕ್ರೆಡಿಟ್ ಗ್ಯಾರಂಟಿ" ಎಂದವರನ್ನು ಈ ಲೆಕ್ಕ ತೋರಿಸಿ ಎಂದು ಕೂರಿಸಿ.

ದುಡ್ಡಿಗೆ ಇಳಿಸಿ ನೋಡೋಣ. ಲೆಕ್ಕಕ್ಕೆಂದು ಕ್ರೆಡಿಟ್ಟಿಗೆ 10 ಡಾಲರ್, ಡಾಲರಿಗೆ 85 ರೂಪಾಯಿ ಎಂದು ಇಟ್ಟುಕೊಳ್ಳಿ. ಅರ್ಧ ಕ್ರೆಡಿಟ್ಟಿಗೆ 425 ರೂಪಾಯಿ. ರೈತರ ಪಾಲು ಶೇಕಡ 60 ಎಂದಾದರೆ ಎಕರೆಗೆ 255 ರೂಪಾಯಿ. ಎರಡೆಕರೆ ಇದ್ದವರಿಗೆ ಬೆಳೆಗೆ 510. ಬೇಡ ಎನ್ನುವ ದುಡ್ಡಲ್ಲ. ಆದರೆ ಇದನ್ನು ನಂಬಿ ಸಾಲ ಮಾಡುವಂಥದ್ದೂ ಅಲ್ಲ.

ಹೆಜ್ಜೆ 6: ಯೋಜನೆ ಇಲ್ಲದಿದ್ದರೂ ಇದು ಆಗುತ್ತಿತ್ತಾ?

ಕ್ರೆಡಿಟ್ ಜಗತ್ತಿನ ಅತಿ ಕಷ್ಟದ ಪ್ರಶ್ನೆ ಇದು. ಕೆಆರ್‌ಎಸ್‌ನಿಂದ ಹೊರಡುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಪ್ರದೇಶಕ್ಕಂತೂ ಇನ್ನೂ ಕಷ್ಟ. ಕಾರಣ, ನಮ್ಮಲ್ಲಿ ಕಟ್ಟು ಪದ್ಧತಿ ಇದೆ. ಕೆಆರ್‌ಎಸ್‌ನಲ್ಲಿ ನೀರು ಕಮ್ಮಿ ಇದ್ದ ವರ್ಷ ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸುತ್ತಾರೆ. 2023ರ ಮಳೆಗಾಲದಂಥ ವರ್ಷ ಅಣೆಕಟ್ಟೆ 124.80 ಅಡಿ ಮುಟ್ಟುವುದೇ ಇಲ್ಲ. ಆಗ ಗದ್ದೆ ತಾನಾಗೇ ಒಣಗುತ್ತದೆ. ರೈತ ಆರಿಸಿದ್ದಲ್ಲ, ನೀರೇ ಬರಲಿಲ್ಲ. ಅಂಥ ಗದ್ದೆಗೆ ಕ್ರೆಡಿಟ್ ಕೊಟ್ಟರೆ, ಆಗಲೇ ಇಲ್ಲದ ಮೀಥೇನನ್ನು ತಡೆದೆವು ಎಂದು ಮಾರಿದ ಹಾಗೆ.

ಇದು ಬರೀ ಧರ್ಮದ ಮಾತಲ್ಲ. ಲೆಕ್ಕ ಕೆಟ್ಟರೆ ಯೋಜನೆಯೇ ಬೀಳುತ್ತದೆ. ಭತ್ತದ ಯೋಜನೆಗಳು ಬಳಸುತ್ತಿದ್ದ ಸಿಡಿಎಂ ಕಾಲದ ಹಳೆಯ ವಿಧಾನವನ್ನು ವೆರಾ 2023ರಲ್ಲಿ ನಿಲ್ಲಿಸಿತು. 2024ರ ಆಗಸ್ಟಿನಲ್ಲಿ ಚೀನಾದ 37 ಭತ್ತದ ಯೋಜನೆಗಳನ್ನು ತಿರಸ್ಕರಿಸಿತು. ಭತ್ತಕ್ಕೆಂದೇ ಹೊಸ ವಿಧಾನ 2025ರ ಫೆಬ್ರವರಿಯಲ್ಲಿ ಬಂತು. ನಿಮ್ಮ ಕಾಗದದಲ್ಲಿ ಯಾವ ವಿಧಾನದ ಹೆಸರಿದೆ ಎಂದು ಕೇಳಿ. ಹಳೆಯದಾದರೆ ಕಾಗದ ವಾಪಸ್ ಕೊಡಿ.

ಮಾಡಬೇಕಾದ್ದು ಇಷ್ಟು. ಹಿಂದಿನ ಮೂರು ನಾಲ್ಕು ವರ್ಷ ನಿಮ್ಮ ತೂಬಿಗೆ ಯಾವ ದಿನ ನೀರು ಬಂತು, ಯಾವ ದಿನ ನಿಂತಿತು ಎಂದು ಪಟ್ಟಿ ಮಾಡಿ. ಕಾವೇರಿ ನೀರಾವರಿ ನಿಗಮ ನೀರು ಬಿಡುವಾಗ ಪ್ರಕಟಣೆ ಕೊಡುತ್ತದೆ, ಪೇಪರಿನಲ್ಲೂ ಬರುತ್ತದೆ. ಕತ್ತರಿಸಿ ಇಡಿ. ನೀರುಗಂಟಿಯನ್ನು ಕೇಳಿದರೆ ಮಿಕ್ಕದ್ದು ಬಾಯಲ್ಲೇ ಹೇಳುತ್ತಾರೆ. ನಿಜವಾಗಿ ಸದಾ ನೀರು ನಿಲ್ಲುವ, ತೂಬಿನ ಹತ್ತಿರದ ಮತ್ತು ಪಂಪ್‌ಸೆಟ್ಟಿನ ಗದ್ದೆಗಳನ್ನು ಮಾತ್ರ ಯೋಜನೆಗೆ ಸೇರಿಸಿ. ಕೊನೆ ಭಾಗದವರಿಗೆ ಕ್ರೆಡಿಟ್ ಸಿಗದಿದ್ದರೂ, ಮೇಲಿನವರು ಗದ್ದೆ ಆರಿಸಿ ತೂಬು ಮುಚ್ಚಿದರೆ ನೀರು ಸಿಗುತ್ತದೆ. ಈ ಇಡೀ ವ್ಯವಹಾರದಲ್ಲಿ ನನಗೆ ಅತಿ ಬೆಲೆಯ ವಿಷಯ ಇದೇ. ಈ ಪದ್ಧತಿಯಲ್ಲಿ ಶೇಕಡ 30ರವರೆಗೂ ನೀರು ಉಳಿಸಬಹುದು ಎಂದು ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಹೇಳುತ್ತದೆ.

ಹೆಜ್ಜೆ 7: ಗದ್ದೆಯಲ್ಲಿ ಪೈಪು ಹೂಳುವುದು

ಒಂದಡಿ ಉದ್ದದ ಪಿವಿಸಿ ಪೈಪ್ ತಗೊಳ್ಳಿ. ಅಗಲ ನಾಲ್ಕರಿಂದ ಆರು ಇಂಚು, ಒಳಗೆ ಕೈ ಹೋಗಬೇಕು. ಕೆಳಗಿನ ಎಂಟು ಇಂಚಿಗೆ ಸುತ್ತಲೂ ತೂತು ಕೊರೆಯಿರಿ. ತೂತಿರುವ ಭಾಗವನ್ನು ಕೆಸರಿಗೆ ಒತ್ತಿ, ಮೇಲಿನ ನಾಲ್ಕು ಇಂಚು ಹೊರಗೆ ಕಾಣುವ ಹಾಗೆ ನಿಲ್ಲಿಸಿ. ಒಳಗಿನ ಕೆಸರನ್ನು ಕೈಯಿಂದ ಬಾಚಿ ತೆಗೆಯಿರಿ, ಪೈಪಿನ ತಳ ಕಾಣಬೇಕು. ಬದುವಿನಿಂದ ಕೈಗೆ ಸಿಗುವಷ್ಟು ಹತ್ತಿರ ಇರಲಿ. ಆದರೆ ಬದುವಿಗೆ ಅಂಟಿಸಬೇಡಿ, ಬದುವಿನ ಪಕ್ಕದ ನೀರು ಗದ್ದೆಯ ನಿಜ ಹೇಳುವುದಿಲ್ಲ.

ನಾಟಿಯಾದ ಒಂದೆರಡು ವಾರ ನೀರು ನಿಲ್ಲಲಿ. ಇಲ್ಲದಿದ್ದರೆ ಕಳೆ ಎದ್ದು ಕೂಲಿ ಖರ್ಚು ಮೇಲೆ ಬೀಳುತ್ತದೆ. ಆಮೇಲೆ ತೂಬು ಮುಚ್ಚಿ. ದಿನವೂ ಬೆಳಿಗ್ಗೆ ಪೈಪಿನೊಳಗೆ ಕಡ್ಡಿ ಇಳಿಸಿ ನೋಡಿ. ಮಣ್ಣಿನ ಮಟ್ಟಕ್ಕಿಂತ ಅರ್ಧ ಅಡಿ ಕೆಳಗೆ ನೀರು ಇಳಿದಾಗ ಮತ್ತೆ ಎರಡು ಇಂಚು ನೀರು ಕಟ್ಟಿ. ಮೇಲೆ ಮಣ್ಣು ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ, ಒಳಗೆ ಬೇರಿಗೆ ನೀರು ಸಿಗುತ್ತಲೇ ಇರುತ್ತದೆ. ಡೇರಿಯಲ್ಲಿ ಕಾಗದ ಕೊಟ್ಟ ಆ ಹಿರಿಯರ ಗದ್ದೆಯಲ್ಲೇ ಒಂದು ಪೈಪು ಹೂತು ನೋಡಿದೆವು. ನಾಲ್ಕನೇ ದಿನ ಗದ್ದೆ ಮೇಲೆ ನೀರಿರಲಿಲ್ಲ. ಅವರಿಗೆ ಗಾಬರಿ. ಕಡ್ಡಿ ಇಳಿಸಿದರೆ ಬೆರಳಿನ ಎರಡು ಗೆಣ್ಣಿನಷ್ಟೇ ಕೆಳಗೆ ನೀರು ನಿಂತಿತ್ತು. "ಓ, ಇಲ್ಲೇ ಐತಲ್ಲ" ಎಂದು ಅಲ್ಲೇ ಬದುವಿನ ಮೇಲೆ ಕೂತರು.

ಹೊಡೆ ಬರುವ, ಹೂ ಬಿಡುವ ಹೊತ್ತಿಗೆ ಮಾತ್ರ ಗದ್ದೆ ಒಣಗಿಸಲೇಬೇಡಿ. ಹೂ ಬಿಡುವ ವಾರ ಮುಂಚಿನಿಂದ ವಾರ ಆಮೇಲಿನವರೆಗೆ ನೀರು ಇರಬೇಕು, ಇಲ್ಲವೆಂದರೆ ಜೊಳ್ಳು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಭತ್ತದ ತಜ್ಞರಿದ್ದಾರೆ. ನಿಮ್ಮ ಮಣ್ಣಿಗೆ, ನಿಮ್ಮ ತಳಿಗೆ ಹೇಗೆ ಎಂದು ಒಮ್ಮೆ ಹೋಗಿ ಕೇಳಿ.

ಹೆಜ್ಜೆ 8: ಪಹಣಿ ಸರಿ ಮಾಡಿಕೊಳ್ಳಿ

ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲಿದ್ದರೆ ಮೊದಲು ಪೌತಿ ಖಾತೆ ಮಾಡಿಸಿ. ಸರ್ಕಾರದ ರೈತ ನೋಂದಣಿಯ ಫ್ರೂಟ್ಸ್ ಐಡಿಯಲ್ಲಿ ಸರ್ವೆ ನಂಬರ್ ಸೇರಿದೆಯಾ ನೋಡಿ. ಗದ್ದೆಯನ್ನು ವಾರಕ್ಕೆ (ಫಸಲಿನ ಪಾಲಿಗೆ) ಮಾಡುತ್ತಿರುವವರು ಬೇರೆಯಾದರೆ, ಕ್ರೆಡಿಟ್ ದುಡ್ಡು ಯಾರಿಗೆ ಎಷ್ಟು ಎಂದು ಈಗಲೇ ಬರೆದಿಡಿ. ಪೈಪು ನೋಡುವವರು ಅವರು, ದುಡ್ಡು ಮಾತ್ರ ಪಹಣಿದಾರರಿಗೆ ಎಂದರೆ ನ್ಯಾಯವಲ್ಲ.

ಹೆಜ್ಜೆ 9: ಒಪ್ಪಂದ ಓದುವುದು

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ನಾಲ್ಕು ವರ್ಷದ ಹಿಂದೆ ಹುಣಸೂರು ಕಡೆ ಒಂದು ಮರದ ಯೋಜನೆಗೆ ಮೂವತ್ತು ಜನರಿಂದ ಸಹಿ ಹಾಕಿಸಿದ್ದೆ. ಸಸಿ ಉಚಿತ, ಚೆನ್ನಾಗಿದೆ ಎನ್ನಿಸಿತ್ತು. ಅವಧಿಯ ಪುಟವನ್ನು ನಾನು ಸರಿಯಾಗಿ ಓದಿರಲಿಲ್ಲ. ಮೂವತ್ತು ವರ್ಷ ಮರ ಕಡಿಯುವ ಹಾಗಿಲ್ಲ ಎಂದಿತ್ತು. ಬದುವಿನಲ್ಲಿ ಮೊದಲೇ ಇದ್ದ ಸಿಲ್ವರ್ ಓಕ್‌ಗಳನ್ನೂ ಸೇರಿಸಿಕೊಂಡಿದ್ದರು. ಕಳೆದ ವರ್ಷ ಒಬ್ಬರು ಮಗಳ ಮದುವೆಗೆಂದು ಹತ್ತು ಮರ ಮಾರಲು ಹೊರಟಾಗ ನೋಟಿಸ್ ಬಂತು. ಅವರು ನನ್ನ ಮನೆಗೆ ಬಂದು ಬಾಗಿಲಲ್ಲೇ ನಿಂತಿದ್ದು ಇನ್ನೂ ಕಣ್ಣ ಮುಂದಿದೆ. ಅವರಿಗೆ ಆದ ನಷ್ಟಕ್ಕೆ ನಾನೂ ಕಾರಣ.

ಮರದ ಯೋಜನೆಯಲ್ಲಿ ಇಷ್ಟು ಉದ್ದದ ಅವಧಿ ಕೇಳುವುದಕ್ಕೆ ಕಾರಣವಿದೆ. ಒಣಗಿದ ಒಂದು ಟನ್ ಮರದಲ್ಲಿ ಅರ್ಧಕ್ಕೂ ಒಂಚೂರು ಕಮ್ಮಿ ಇಂಗಾಲ. ಕಾರ್ಬನ್ ಡೈಆಕ್ಸೈಡ್ ಲೆಕ್ಕದಲ್ಲಿ ಸುಮಾರು 1.7 ಟನ್. ಮರ ಕಡಿದು ಸುಟ್ಟರೆ ಅದೆಲ್ಲ ವಾಪಸ್ ಗಾಳಿಗೆ. ಬೆಂಕಿ, ಬರ, ಕಡಿತಕ್ಕೆಂದು ಸ್ವಲ್ಪ ಕ್ರೆಡಿಟ್ ಮೀಸಲು ಖಾತೆಯಲ್ಲಿ ಹಿಡಿದಿಡುತ್ತಾರೆ, ಅದರ ದುಡ್ಡು ಆಗ ಸಿಗುವುದಿಲ್ಲ. ಕಾರಣ ಸರಿ. ಆದರೆ ರೈತರಿಗೆ ಬಾಯಿಬಿಟ್ಟು ಹೇಳಿ ಸಹಿ ಹಾಕಿಸಬೇಕಿತ್ತು.

ಅಂದಿನಿಂದ ನಾನು ಕಾಗದ ಓದುವಾಗ ಪೆನ್ಸಿಲ್ ಹಿಡಿದು ಕೂರುತ್ತೇನೆ. ಮೊದಲು ಕನ್ನಡ ಪ್ರತಿ ಕೇಳುತ್ತೇನೆ. ಎರಡು ಭಾಷೆಯ ಪ್ರತಿಯಲ್ಲಿ ವ್ಯತ್ಯಾಸ ಬಂದರೆ ಯಾವುದು ನಡೆಯುತ್ತದೆ ಎಂದೂ ಬರೆಸುತ್ತೇನೆ. ಆಮೇಲೆ "ಪಾಲು" ಎಂಬ ಪದ ಹುಡುಕುತ್ತೇನೆ. ಮಾರಿದ ಬೆಲೆಯಲ್ಲಿ ಪಾಲಾ, ಖರ್ಚು ಕಳೆದು ಉಳಿದದ್ದರಲ್ಲಿ ಪಾಲಾ? ಆಡಿಟು, ನೋಂದಣಿ, ಸಿಬ್ಬಂದಿ ಎಂದು ಕಳೆಯುತ್ತಾ ಹೋದರೆ ಉಳಿದದ್ದರಲ್ಲಿ ಶೇಕಡ 80 ಕೊಟ್ಟರೂ ಕೈಗೆ ಏನೂ ಬರದಿರಬಹುದು. ಮಾರಿದ ಬೆಲೆಯಲ್ಲಿ ಶೇಕಡ 40 ಅದಕ್ಕಿಂತ ಗಟ್ಟಿ. ಮಾರಿದ ಬಿಲ್ಲು ತೋರಿಸಬೇಕು ಎಂಬ ಸಾಲನ್ನೂ ಸೇರಿಸಿ.

ಕ್ರೆಡಿಟ್ ಬಂದ ಎಷ್ಟು ದಿನದೊಳಗೆ ದುಡ್ಡು ಎಂದು ದಿನದ ಸಂಖ್ಯೆ ಇರಬೇಕು. ಗದ್ದೆ ಮಾರಿದರೆ, ಭತ್ತ ಬಿಟ್ಟು ಕಬ್ಬು ಹಾಕಿದರೆ ದಂಡ ಇದೆಯಾ ನೋಡಿ. ಹೊರಬರಲು ದಾರಿ ಇರಲಿ. ವ್ಯಾಜ್ಯ ಆದರೆ ಯಾವ ಊರಿನ ಕೋರ್ಟು? ದೂರದ ಊರಿನ ಹೆಸರಿದ್ದರೆ ಮಂಡ್ಯ ಎಂದು ತಿದ್ದಿಸಿ. ಇನ್ನೊಂದು ಸಾಲನ್ನು ಹೆಚ್ಚಿನವರು ಕೇಳುವುದೇ ಇಲ್ಲ: ನಾಳೆ ಸರ್ಕಾರದ ಪಟ್ಟಿ ಬದಲಾಗಿ ಭತ್ತದ ಕ್ರೆಡಿಟ್ಟಿಗೂ ಪ್ರಾಧಿಕಾರದ ಪತ್ರ ಸಿಕ್ಕರೆ, ಜಾಸ್ತಿಯಾದ ಬೆಲೆ ಯಾರಿಗೆ? ಈಗಲೇ ಬರೆಸಿಕೊಳ್ಳಿ.

ಹೆಜ್ಜೆ 10: ಸಹಿ ಆದಮೇಲೂ ನೋಡುತ್ತಿರಿ

ಯೋಜನೆಯ ವಿವರ ಪತ್ರ ಬರೆಯುತ್ತಾರೆ. ಊರಲ್ಲಿ ಸಭೆ ಕರೆದು ಅಭಿಪ್ರಾಯ ಕೇಳಬೇಕು. ಸಭೆ ಆಗದೆ ಆಯಿತು ಎಂದು ಬರೆಯಲು ಬಿಡಬೇಡಿ. ವೆರಾದಲ್ಲಾದರೆ ಯೋಜನೆಯನ್ನು ಜಾಲತಾಣಕ್ಕೆ ಹಾಕಿ 30 ದಿನ ಯಾರು ಬೇಕಾದರೂ ಆಕ್ಷೇಪ ಹೇಳಲು ಬಿಡುತ್ತಾರೆ. ಓದುವ ಮಕ್ಕಳಿಗೆ ಹೇಳಿ ಮೊಬೈಲಿನಲ್ಲಿ ತೆಗೆಸಿ, ನಿಮ್ಮ ಊರಿನ ಹೆಸರಲ್ಲಿ ಏನು ಬರೆದಿದ್ದಾರೆ ಓದಿ. ಆಮೇಲೆ ಹೊರಗಿನ ಪರಿಶೀಲಕರು ಬರುತ್ತಾರೆ. ಪೈಪಿನ ನೀರಿನ ಮಟ್ಟ ಬರೆದ ಪುಸ್ತಕ, ತಾರೀಕು ಇರುವ ಫೋಟೋ ಕೇಳುತ್ತಾರೆ. ಬರೆಯದ ದಿನವನ್ನು ಬರೆದ ಹಾಗೆ ತುಂಬಿಸಬೇಡಿ. ಗದ್ದೆ ಯಾವಾಗ ಒದ್ದೆ, ಯಾವಾಗ ಒಣ ಎಂದು ಉಪಗ್ರಹವೂ ನೋಡುತ್ತದೆ.

ಪರಿಶೀಲನೆ ದಾಟಿದರೆ ಕ್ರೆಡಿಟ್ ಹುಟ್ಟುತ್ತದೆ. ಪ್ರತಿಯೊಂದಕ್ಕೂ ಸರಣಿ ಸಂಖ್ಯೆ ಇರುತ್ತದೆ, ನೋಟಿನ ನಂಬರಿನ ಹಾಗೆ. ಕೊಂಡವರು ಬಳಸಿದ ದಿನ ಅದು ನಿವೃತ್ತ ಎಂದು ದಾಖಲಾಗುತ್ತದೆ, ಮತ್ತೆ ಮಾರುವಂತಿಲ್ಲ. ಈ ಪಟ್ಟಿ ಎಲ್ಲರಿಗೂ ತೆರೆದಿದೆ. ಎಷ್ಟು ಕ್ರೆಡಿಟ್ ಹುಟ್ಟಿತು ಎಂದು ಕಂಪನಿ ಹೇಳುವುದಕ್ಕೂ ಅಲ್ಲಿರುವುದಕ್ಕೂ ತಾಳೆ ನೋಡಿ.

ಆ ಹಿರಿಯರ ಕಾಗದ ಪೆನ್ಸಿಲ್ ಗುರುತುಗಳ ಸಮೇತ ವಾಪಸ್ ಹೋಯಿತು. ಆರು ವಾರ ಬಿಟ್ಟು ಕನ್ನಡ ಪ್ರತಿ ಬಂತು. ಮಾರಿದ ಬೆಲೆಯಲ್ಲಿ ಪಾಲು ಎಂದು ತಿದ್ದಿದ್ದರು. ಕೋರ್ಟಿನ ಊರೂ ಮಂಡ್ಯ ಆಗಿತ್ತು. ಹೊರಬರುವ ದಾರಿಯ ಸಾಲು ಮಾತ್ರ ಇನ್ನೂ ಖಾಲಿ. ಈ ಸಲ ಅವರು ಸಹಿ ಹಾಕಿಲ್ಲ. ಡೇರಿ ಜಗಲಿ ಮೇಲೆ ಕೂತು ಹತ್ತು ಜನರಿಗೆ ಓದಿ ಹೇಳಿ, ಆ ಖಾಲಿ ಜಾಗದ ಮೇಲೆ ಬೆರಳಿಟ್ಟು, "ಇದು ತುಂಬಲಿ, ಆಮೇಲೆ ನೋಡಾನ" ಎಂದಿದ್ದಾರೆ.